ಕುಲಾವಿ

ಮೊಂಟೆವಿಡಿಯೊ. ಜುಲೈ ತಿಂಗಳ ಚಳಿ.
ಚಿತ್ರಸಂಗ್ರಹದ ನೆಲಮಾಳಿಗೆಗೆ ಇಳಿದರೆ
ಮೊದಲು ಮೂಗಿಗೆ ಬಡಿಯುವುದು ಹುಳಿ.
ಹಳೆಯ ರೀಲು ಸಾಯುವಾಗ ವಿನೆಗರ್ ನಾರುತ್ತದೆ.
ನೆಲಿದಾ ಬೆಂತಾಂಕೋರ್ ಡಬ್ಬಿಗಳ ಮೂಸಿಯೇ ಹೇಳುತ್ತಾಳೆ:
"ಇದಕ್ಕಿನ್ನು ಎರಡು ವರ್ಷ.
ಅದು ಆಗಲೇ ಹೋಯಿತು."

ನಾನು ಇರಿನೆಯೊ, ತಾಕ್ವಾರೆಂಬೊ ಕಡೆಯವನು,
ದನ ಎಣಿಸುವವರ ಮನೆಯಿಂದ ಬಂದು
ಸಿನಿಮಾ ಎಣಿಸಲು ಕೂತವನು.
ಪ್ರಬಂಧದ ಹೆಸರು: ಭಯದ ಚಿತ್ರಗಳು, ಹುಟ್ಟು, ಏರು, ಇಳಿವು.
ಗ್ರಾಫ್ ಹಾಳೆಯಲ್ಲಿ ಬರೆದೂ ತಂದಿದ್ದೆ,
ಗುಡ್ಡ ಹತ್ತಿ ಇಳಿಯುವ ಒಂದು ನುಣುಪು ಗೆರೆ.
"ಚೆಂದ ಇದೆ" ಅಂದಳು. ಮಡಚಿ ಮಡಚಿ
ಓಲಾಡುತ್ತಿದ್ದ ಮಾಟೆ ಕಷಾಯದ ಬುರುಡೆಗೆ
ಇಂಬು ಕೊಟ್ಟಳು.

ಆಮೇಲೆ ಡ್ರಾಯರುಗಳು. ಗೋಡೆ ತುಂಬ.
ಎಳೆದರೆ ಕೀರ್ ಅನ್ನುವ, ತಳ್ಳಿದರೆ ಹಟ ಹಿಡಿಯುವ
ಮರದ ಪುಟ್ಟ ಪುಟ್ಟ ಜಾತಿಗಳು.
ಪತ್ತೇದಾರಿಯಲ್ಲಿ ಹುಡುಕಿದ್ದು
ಕಣ್ಣೀರಿನಲ್ಲಿ ಸಿಕ್ಕಿತು.
ಕುದುರೆ, ಬಂದೂಕು ಡ್ರಾಯರಿನ ತಳದಲ್ಲಿ
ಬಾಹ್ಯಾಕಾಶದ ಚಿತ್ರವೊಂದು ಅವಿತುಕೊಂಡಿತ್ತು:
ಅದೇ ಕತೆ, ಕುದುರೆಗೆ ಮಾತ್ರ ಹೊಗೆ ಬರುತ್ತದೆ.

ಒದ್ದೆ ಬೀದಿ, ಓರೆ ಹ್ಯಾಟು, ಮೆಟ್ಟಿಲ ಮೇಲೆ ಉದ್ದನೆಯ ನೆರಳು,
ತೆಗೆದವರು ಕೊಲೆಯ ಕತೆಯೆಂದೇ ತೆಗೆದರು.
ದುಡ್ಡಿರಲಿಲ್ಲ, ದೀಪ ಕಡಿಮೆ ಹಚ್ಚಿದರು.
ಕಪ್ಪುಚಿತ್ರ ಅನ್ನುವ ಹೆಸರನ್ನು
ಕಡಲಾಚೆ ಯಾರೋ ಆಮೇಲೆ ಇಟ್ಟರು.
ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬೇಡ ಅನ್ನುತ್ತಾರಲ್ಲ,
ಇಲ್ಲಿ ಕೂಸು ಹುಟ್ಟಿ, ಬೆಳೆದು, ಹಲ್ಲುದುರಿದ ಮೇಲೆ
ಕುಲಾವಿ ಹೊಲಿದು ತಲೆಗೆ ಸಿಕ್ಕಿಸಿದ್ದಾರೆ.
ಸರಿಯಾಗಿ ಕೂತಿದೆ ಬೇರೆ!

ಒಂದು ಕಾರ್ಡು ಮಾತ್ರ ಗಾಯದ ಹಾಗಿತ್ತು.
ಹೊಡೆದುಹಾಕಿ, ಬರೆದು, ಮತ್ತೆ ಹೊಡೆದುಹಾಕಿ,
೧೯೫೮: ಭಯ.
೧೯೬೬: ಹಾಸ್ಯ.
೧೯೭೬: ಇಸವಿ ಅಷ್ಟೇ. ಮುಂದೆ ಖಾಲಿ.
ಆಮೇಲೆ ಯಾವಾಗಲೋ ಮತ್ತೆ ಹಾಸ್ಯ,
ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ.
"ಯಾರು ತಿದ್ದಿದ್ದು?"
"ಮೇಲೆ ಕುರ್ಚಿಯಲ್ಲಿ ಕೂತವರು.
ನಾನು ಬರೆದುಕೊಂಡೆ."

ಅಗ್ಗದ ಚಿತ್ರ ಅದು, ರಟ್ಟಿನ ಗೋಡೆಯದು.
ರಾತ್ರಿ ಮೂರಕ್ಕೆ ಬೂದು ಕೋಟಿನವನೊಬ್ಬ ಬಂದು
ಬಾಗಿಲು ಬಡಿಯುತ್ತಾನೆ.
ಮೊದಲ ಸಲ ಜನ ಚೀರಿ ಪಕ್ಕದವರ ತೋಳು ಹಿಡಿದರು,
ಪರಿಚಯವಿಲ್ಲದವರ ತೋಳನ್ನೂ.
ಎಂಟು ವರ್ಷ ಕಳೆದು ಅದೇ ಬಾಗಿಲು ಬಡಿದಾಗ
ಗೋಡೆ ಅಲ್ಲಾಡುವುದು ಯಾರಿಗೋ ಕಂಡಿತು:
ಹೊಟ್ಟೆ ಹುಣ್ಣಾಗುವಷ್ಟು ನಗು.
"ಎಪ್ಪತ್ತಾರರಲ್ಲಿ ನಗಿಸೋಣ ಅಂತಲೇ ಹಾಕಿದೆವು,
ಊರಿಗೆ ಅದು ಬೇಕಿತ್ತು.
ಹೊರಗೆ ಸೈನಿಕರ ಲಾರಿ.
ಬೂದು ಕೋಟು ಬಂತು. ಮೂರು ಸಲ ಬಡಿಯಿತು.
ಗೋಡೆ ಅಲ್ಲಾಡಿತು, ಎಂದಿನ ಹಾಗೆಯೇ.
ಒಂದು ಕೆಮ್ಮೂ ಇಲ್ಲ.
ಐದನೇ ಸಾಲಿನ ಹೆಂಗಸೊಬ್ಬಳು ಎದ್ದು ಹೊರಟುಹೋದಳು,
ಕೊಡೆ ಬಿಟ್ಟು."

ಕೊಡೆ ಈಗಲೂ ಬಾಗಿಲ ಹಿಂದಿನ ಮೊಳೆಯಲ್ಲಿದೆ.
ಕೇಳಿಕೊಂಡು ಯಾರೂ ಬರಲಿಲ್ಲವಂತೆ.
ಆ ರಾತ್ರಿ ಕಾರ್ಡು ಹಿಡಿದು
ಒಂದೊಂದೇ ಡ್ರಾಯರು ಎಳೆದು ನೋಡಿ
ಕೊನೆಗೆ ಸ್ವೆಟರಿನ ಜೇಬಿಗೆ ಹಾಕಿಕೊಂಡು
ಮನೆಗೆ ನಡೆದಳಂತೆ, ಕಡಲ ದಂಡೆ ಬಿಟ್ಟು
ಒಳದಾರಿ ಹಿಡಿದು.

ನನ್ನ ಗುಡ್ಡದ ಮೇಲೆ ಬುರುಡೆಯ ತಳ
ಹಸಿರು ಉಂಗುರ ಒತ್ತಿತ್ತು.
ಶನಿವಾರ ಸಂಜೆಯ ಆಟಕ್ಕೆ ಅದೇ ಚಿತ್ರ ಹಾಕಿಸಿದೆ.
ತೆರೆಗೆ ಬೆನ್ನು ಕೊಟ್ಟು, ಮುಖಗಳ ಕಡೆ ತಿರುಗಿ,
ತೊಡೆಯ ಮೇಲೆ ನೋಟ್‌ಬುಕ್ಕು,
ನೆಲಿದಾ ಕೊಟ್ಟ ಮೊಂಡು ಪೆನ್ಸಿಲ್ಲು.
ಬೆನ್ನ ಹಿಂದೆ ಬಾಗಿಲು ಬಡಿಯಿತು.
ಒಂದು. ಎರಡು. ನನಗೇ ತಿರುಗಿ ನೋಡುವ ಹಾಗಾಯಿತು.
ಮೂರು.

ನಕ್ಕವರು ಮೂವತ್ತೊಂದು, ಹೆಚ್ಚಿನವರು ನನ್ನ ವಯಸ್ಸಿನವರು.
ನಿದ್ದೆ ಹೋದವರು ಇಬ್ಬರು.
ಕೊನೆಯ ಸಾಲಿನಲ್ಲಿ ಒಬ್ಬ ಮುದುಕ
ಟೋಪಿ ತೆಗೆದು
ತೊಡೆಯ ಮೇಲಿಟ್ಟುಕೊಂಡಿದ್ದ.