ಮಿಂಚಬಾರದು

ಗೋಣಿತಾಟಿನಲ್ಲಿ ಸುತ್ತಿ ಹೆಗಲ ಮೇಲಿಟ್ಟು ತಂದದ್ದನ್ನು
ಮೊದಲು ಕಬ್ಬಿನ ಜಲ್ಲೆ ಅಂದುಕೊಂಡೆ.
ಮಂಡ್ಯದಲ್ಲಿ ಯಾರಾದರೂ ಹಾಗೇ ಅಂದುಕೊಂಡಾರು.
ಬಿಚ್ಚಿದರೆ ರೈಫಲ್ಲು.

ಮಂಚಯ್ಯ. ಮಿಲಿಟರಿಯಲ್ಲಿ ಹವಾಲ್ದಾರ,
ಈಗ ಸಹಕಾರಿ ಬ್ಯಾಂಕಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ.
'ಎಲೆಕ್ಷನ್ನು ಅಂತ ಠಾಣೇಲಿ ಇಡ್ಸುದ್ರು ಇಲಿಯಾಸಣ್ಣ.
ಬ್ಯಾಂಕ್ನೋರು ಕಾಗ್ದ ಕೊಡೋದು ತಡ ಮಾಡುದ್ರು.
ಎರಡ್ ತಿಂಗ್ಳು ಸೋರೋ ಗ್ವಾಡೆಗೆ ಒರಗಿ ನಿಂತು
ತುಕ್ಕು ಹಿಡ್ದದೆ ನೋಡು. ಏನಾರ ಬಳೀಬೇಕು.'

ಗುತ್ತಲು ರಸ್ತೆಗೆ ಬಂದಾಗಿನಿಂದ ನಾನು ಬಳಿದದ್ದು
ಸ್ಕೂಟರು, ಬೀರು, ಗೇಟು, ಟ್ರ್ಯಾಕ್ಟರಿನ ಮಡ್‌ಗಾರ್ಡು,
ಒಂದು ಸಲ ಶಾಲೆಯ ಗಂಟೆ;
ಬಳಿದ ಮೇಲೆ ಅದರ ದನಿಯೇ ಕುಗ್ಗಿ
ಮೇಷ್ಟ್ರು ಮತ್ತೆ ಕೆರೆಸಿದರು.
ಬಂದೂಕು ಇದೇ ಮೊದಲು.
ಲೈಸೆನ್ಸು ಕೇಳಿದೆ, ತೋರಿಸಿದ.
ಫೋಟೋದಲ್ಲಿ ಮೀಸೆ ಇನ್ನೂ ಕಪ್ಪಗಿತ್ತು.

ಶೇಡ್ ಕಾರ್ಡು ಹರವಿದೆ.
ಕರಿ ಅಂದರೆ ಒಂದೇ ಕರಿಯೆ?
ಬೀರುವಿನ ಕರಿ, ಬೈಕಿನ ಟ್ಯಾಂಕಿನ ಕರಿ,
ಆಲೆಮನೆಯ ಕೊಪ್ಪರಿಗೆಯ ಬೆನ್ನಿನ ಕರಿ.
ಪಕ್ಕದಲ್ಲೇ ಆಲಿವ್ ಹಸಿರು. ಅದನ್ನು ಮಂಚಯ್ಯ
ಹೆಬ್ಬೆರಳಿಂದ ಮುಚ್ಚಿಬಿಟ್ಟ.
'ಅದ್ನ ಒಪ್ಪಿಸ್ ಬಂದಾಯ್ತು.'

'ಗ್ಲಾಸಿ ಹಾಕೋಣ, ಹೊಳೀಲಿ' ಅಂದೆ.
'ಬ್ಯಾಂಕಲ್ಲಿ ಎಷ್ಟು ಸಲ ಹೊಡೆದಿದ್ದೀಯ?'
'ಒಂದ್ಸಲಾನೂ ಇಲ್ಲ.'
'ಅಂದಮೇಲೆ ಅದರ ಕೆಲಸ ಕಾಣಿಸಿಕೊಳ್ಳೋದು ತಾನೆ?
ಫಳಫಳ ಅಂದರೆ ಕಳ್ಳ ದೂರದಿಂದಲೇ ನಾಲೆಗೆ ಹಾರ್ತಾನೆ.'

ಅವನು ನಗಲಿಲ್ಲ. ಟೀ ಲೋಟ ಕೆಳಗಿಟ್ಟ.
'ಮ್ಯಾಲೆ, ಗುಡ್ಡದಲ್ಲಿ, ಒಂದ್ ಬೆಳ್ದಿಂಗ್ಳು ರಾತ್ರಿ.
ಬೋಜಣ್ಣ ಅಂತ, ನನ್ ಪಕ್ಕದೋನು, ನಳಿಗೆ ಒರೆಸ್ತಾ ಕೂತಿದ್ದ.
ಬಾಳ ಸುದ್ದದ ಮನ್ಸ.
ಉಗುರಗ್ಲ ಮಿಂಚ್ತು. ಅಷ್ಟೆ.'
ಲೋಟವನ್ನು ಮತ್ತೆ ಎತ್ತಿಕೊಂಡ.
ಖಾಲಿಯಾಗಿತ್ತು; ಆದರೂ ಕುಡಿದ.

ಹಾಗಾಗಿ ಮ್ಯಾಟು.
ಕೊಪ್ಪರಿಗೆಯ ಬೆನ್ನಿನ ಕರಿ:
ಬೆಳಕನ್ನು ಜಮಾ ಮಾಡಿಕೊಂಡು
ರಸೀದಿ ಕೊಡದ ಕರಿ.

ಉಪ್ಪುಕಾಗದದಲ್ಲಿ ತುಕ್ಕು ಉಜ್ಜಿದೆ, ಥಿನ್ನರಿನಲ್ಲಿ ಒರೆಸಿದೆ,
ನಂಬರಿನ ಮೇಲೆ ಟೇಪು ಅಂಟಿಸಿದೆ,
ಅಂಕಿ ತುಂಬಿಹೋದರೆ ಬಂದೂಕು ಅನಾಥ.
ನಳಿಗೆಯ ಬಾಯಿಗೆ ಬಿರಡೆ, ಒಳಗೊಂದು ಹನಿ ಇಳಿಯಕೂಡದು.
ಮರಕ್ಕೆ ಅಗಸೆ ಎಣ್ಣೆ ಸಾಕು ಅಂದ.
ಅಂಗೈ ಊರುವ ಕಡೆ, ಬೆವರು ತೀಡಿ ತೀಡಿ
ಒಂದು ಬಿಲ್ಲೆಯಗಲ ನುಣುಪೆದ್ದಿತ್ತು.
ಕಾಗದ ಹಿಡಿದು ಅಲ್ಲಿಗೂ ಹೋದೆ.
'ಅದಿರ್ಲಿ. ಅದು ಮಿಂಚುದ್ರೆ
ನಾನು ಕೈ ಬುಟ್ಟಿವ್ನಿ ಅಂತ ಲೆಕ್ಕ.'

ಒಣಗಲು ಒಂದು ಹಗಲು ಬೇಕು, ಬಿಟ್ಟು ಹೋಗು ಅಂದರೆ
'ಇದ್ನ ಇನ್ನೊಬ್ರ ತಾವ ಬುಡೋ ಹಂಗಿಲ್ಲ.'
ಸರಿ, ತಾರಸಿಯ ಮೇಲೆ ತಂತಿ ಕಟ್ಟಿ ಇಳಿಬಿಟ್ಟೆವು,
ಮುನೀರಾ ಹಾಕಿದ್ದ ಸಂಡಿಗೆಯ ಪಕ್ಕ.
ವಾಸನೆ ಹತ್ತುತ್ತದೆಂದು ನಮ್ಮಿಬ್ಬರನ್ನೂ ಬೈದಳು.
ಸಕ್ಕರೆ ಕಾರ್ಖಾನೆಯ ಬೂದಿ ಗಾಳಿಯಲ್ಲಿ ತೇಲಿ ಬರುತ್ತಿತ್ತು;
ಹಸಿ ಬಣ್ಣಕ್ಕೆ ಒಂದು ಚೂರು ಕೂತರೂ ಕೆಟ್ಟಿತು.

ಬ್ಯಾಂಕು ಕಾಯುವ ಬಂದೂಕನ್ನು
ಮಂಚಯ್ಯ ಬೆಳಗಿನಿಂದ ಟವೆಲು ಬೀಸಿ ಕಾದ.
ಸಂಡಿಗೆಗೆ ಎರಗಿದ ಕಾಗೆಗಳಿಗೂ ಅದೇ ಟವೆಲು.
ಮಧ್ಯಾಹ್ನ ಮುನೀರಾ ಅವನಿಗೆ ಅನ್ನ ಕಳಿಸಿದಳು.

ಐದೂವರೆಗೆ ಮೇಲೆ ಹತ್ತಿದೆ. ಬಿಸಿಲು ಓರೆಯಾಗಿತ್ತು.
ನೀರಿನ ಟ್ಯಾಂಕು ಮಿಂಚಿತು, ಪಕ್ಕದ ಮನೆಯ ಡಿಶ್ಶು ಮಿಂಚಿತು,
ಮಂಚಯ್ಯನ ಬೋಳುತಲೆಯೂ ಮಿಂಚಿತು.
ನಳಿಗೆ ಮಾತ್ರ ಸುಮ್ಮನಿತ್ತು.
ಅವನು ಕಣ್ಣು ಕಿರಿದು ಮಾಡಿ, ಕೂತು ನೋಡಿ, ನಿಂತು ನೋಡಿ,
ತಾರಸಿಯ ಮೂಲೆಗೆ ಹೋಗಿ ಅಲ್ಲಿಂದಲೂ ನೋಡಿದ,
ಅಲ್ಲಿ ಬೇರೆ ಯಾರೋ ಇದ್ದು ನೋಡುತ್ತಿರುವವರ ಹಾಗೆ.

'ಎಷ್ಟಾಯ್ತು?' ಅಂದ.
ಸಂಡಿಗೆ ಕಾಯ್ದ ಕೂಲಿ ಕಳೆದು ಹೇಳಿದೆ.