ನಡಾವಳಿ, ವಾರ್ಡ್ ಹನ್ನೊಂದು

ಬಾಡಿಗೆ ಕುರ್ಚಿ ನಲವತ್ತು, ಬಂದವರು ಅರವತ್ತು ಮೀರಿ.
ಚೌಬಾರಾದ ಹಿಂದಿನ ಶಾದಿಖಾನೆಯಲ್ಲಿ
ಹೋದ ವಾರದ ನಿಕಾಹದ ಝರಿಪಟ್ಟಿ
ಇನ್ನೂ ಪಂಖಕ್ಕೆ ಸುತ್ತಿಕೊಂಡು ತಿರುಗುತ್ತಿದೆ.
ಅದರ ಕೆಳಗೆ ನಾನು, ದಫ್ತರಿನ ಗುಮಾಸ್ತ,
ಬೀದರಿನ ಮಾತನ್ನು ಸರಕಾರದ ಮಾತಿಗೆ ಇಳಿಸುವವನು.

ವಿಷಯ: ಬರುವ ತಿಂಗಳಿನಿಂದ ಕಚ್ರಾ ಗಾಡಿ
ಗಲ್ಲಿಯೊಳಗೆ ಬರತಕ್ಕದ್ದಲ್ಲ.
ಮೂಲೆಯಲ್ಲಿ ನಿಲ್ಲತಕ್ಕದ್ದು, ಏಳರಿಂದ ಏಳೂವರೆ.
ಹಸಿ, ದಿನ ಬಿಟ್ಟು ದಿನ. ಒಣ, ಮಂಗಳವಾರ ಮಾತ್ರ.
ಸಾರ್ವಜನಿಕರು ಅಹವಾಲು ಸಲ್ಲಿಸತಕ್ಕದ್ದು.

ಮುನವ್ವರಬೀ ಎದ್ದಳು:
"ಏಳಕ್ಕೇ ನಳಾ ಬರ್ತದ ಸಾಬ್, ಐದು ದಿನಕ್ಕೊಮ್ಮಿ.
ಕೊಡ ಹಿಡೀಲೋ, ಡಬ್ಬಿ ಹಿಡೀಲೋ?
ಅಲ್ಲಾ ಎರಡೇ ಕೈ ಕೊಟ್ಟಾನ."
ಬರೆದೆ: ಸಮಯ ಬದಲಾವಣೆ ಕೋರಿದ್ದಾರೆ.

ಬಂಡೆಪ್ಪ ಮಾಸ್ತರರು
ನಿಜಾಮನ ಕಾಲದ ಎತ್ತಿನ ಗಾಡಿಯಿಂದ ಶುರುಮಾಡಿ
ಬಹಳ ಹೊತ್ತಿಗೆ ಇಸವಿ ದಾಟಿ ಬಂದು
"ಮೂಲಿ ಅಂದ್ರ ಯಾವ ಮೂಲಿ?
ಮೂಲಿಯೊಳಗ ಇರೋದು ನನ್ನ ಮನಿ" ಎಂದರು.
ಬರೆದೆ: ಸ್ಥಳದ ಬಗ್ಗೆ ಸ್ಪಷ್ಟನೆ.

ಖಾಲಿಕ್ ಉಸ್ತಾದ್ ಪೊಟ್ಟಣ ಬಿಚ್ಚಿ
ಮೇಜಿನ ಮೇಲೆಯೇ ಸುರುವಿದ:
ಸತುವಿನ ಪುಡಿ, ಅಚ್ಚಿನ ಮಣ್ಣು.
"ಇದು ಹಸೀದೋ ಒಣದೋ ಹೇಳ್ರಿ.
ಬೆಳ್ಳಿ ಚೂರು ಹುಡುಕಬ್ಯಾಡ್ರಿ,
ಅದನ್ನ ನಾವು ಉಸಿರು ಹಿಡದು ಎತ್ತಿಕೋತೀವಿ."
ನಗು. ಇಂಜಿನಿಯರು ಬೆರಳದ್ದಿ ನೋಡಿ
ಮೇಲಿನವರನ್ನು ಕೇಳುತ್ತೇನೆ ಎಂದ.
ಬೆರಳ ತುದಿ ಸಭೆ ಮುಗಿಯುವವರೆಗೂ ಕಪ್ಪಾಗಿಯೇ ಇತ್ತು.

ಒಬ್ಬ ಹುಡುಗಿ ಏನೂ ಹೇಳದೆ
ನಾಲ್ಕು ಮಡಿಕೆಯ ಚೀಟಿ ಇಟ್ಟು ಹೋದಳು:
*ಮಂಗಳವಾರದ ತನಕ ಆ ಪ್ಯಾಡುಗಳನ್ನು
ಒಂದೇ ಕೋಣೆಯ ಮನೆಯಲ್ಲಿ ಎಲ್ಲಿ ಇಡಲಿ?*
ನಮ್ಮ ಫಾರಮ್ಮಿನಲ್ಲಿ ಅದಕ್ಕೆ ಇರುವ ಹೆಸರು 'ಇತರೆ'.

ಬಾಗಿಲ ಹತ್ತಿರ ಹಸಿರು ಕೋಟಿನಲ್ಲಿ ತುಳಜಮ್ಮ.
ಹದಿನಾರು ವರ್ಷದಿಂದ ನಮ್ಮ ಕಸ ಎತ್ತುವವಳು.
ಕೈ ಎತ್ತಿದಳು.
"ಇದು ಸಾರ್ವಜನಿಕರ ಸಭೆ," ಎಂದರು ಸಾಹೇಬರು.
"ನಾ ಮತ್ತ ಯಾರ್ರೀ?" ಎಂದಳು, ನಿಜವಾಗಿಯೂ ತಿಳಿಯದವಳಂತೆ.

"ಗಾಡಿ ಎಲ್ಲಿ ಬೇಕಾದಲ್ಲಿ ನಿಲ್ಲಿಸ್ರಿ, ನಂದೇನಿಲ್ಲ.
ಈ ಗಲ್ಲ್ಯಾಗ ಯಾರೋ ಒಬ್ರು
ಒಡದ ಗಾಜು ಪೇಪರದಾಗ ಸುತ್ತಿ
ಕೆಂಪು ದಾರ ಕಟ್ಟಿ ಬ್ಯಾರೆ ಇಡ್ತಾರ.
ನಾಕು ವರ್ಷಾತು. ಮಂದಿ ಏಳೋದ್ರೊಳಗ
ಕಟ್ಟಿ ಮ್ಯಾಲ ಇಟ್ಟು ಹೋಗಿರ್ತಾರ.
ಇನ್ನ ಎಲ್ಲಾರ ಕಸ ಮೂಲ್ಯಾಗ ಕೂಡಿದ್ರ
ಯಾರ್ದು ಯಾವುದು ಗೊತ್ತಾಗಂಗಿಲ್ಲ.
ಅವ್ರ ಮಾರಿ ಒಮ್ಮಿ ನೋಡಬೇಕಿತ್ತು. ಅದಕ್ಕ ಬಂದೆ."

ಪಂಖದ ಝರಿ ಚರಚರ ಅಂದಿತು.
ಅರವತ್ತು ಜನ ಅರವತ್ತು ಜನರನ್ನು ನೋಡಿದರು.
ತಾವೇ ಆಗಿದ್ದರೆ ಚೆನ್ನಾಗಿತ್ತು ಎಂಬ ಮುಖಗಳು.
ಯಾರೂ ಏಳಲಿಲ್ಲ.

ನನ್ನ ಮನೆಯೂ ಇದೇ ವಾರ್ಡು.
ಶುಕ್ರವಾರ ಗಡ್ಡದ ಕನ್ನಡಿ ಕೈಜಾರಿ ಒಡೆದಾಗ
ಉಳ್ಳಾಗಡ್ಡಿ ಸಿಪ್ಪೆಯ ಕೆಳಗೆ ತುರುಕಿ
ಕ್ಯಾರಿಬ್ಯಾಗಿನ ಬಾಯಿ ಬಿಗಿದಿದ್ದೆ.
ತುಳಜಮ್ಮನ ಎಡಗೈ ಹೆಬ್ಬೆರಳಿಗೆ
ಅರಿವೆ ಸುತ್ತಿತ್ತು. ಅದು ಬೇರೆ ಯಾರದೋ ಗಾಜಿರಬಹುದು.

"ಮುಂದ?" ಎಂದರು ಸಾಹೇಬರು.
ಪೆನ್ನು ಹದಿನೇಳನೇ ನಂಬರಿಗೆ ನಿಂತುಬಿಟ್ಟಿತು.
ಕೋರಿಕೆ ಎನ್ನಲು ಆಕೆ ಏನೂ ಕೋರಲಿಲ್ಲ,
ದೂರು ಎನ್ನಲು ದೂರಲಿಲ್ಲ.
ಹೆಸರಷ್ಟೇ ಬರೆದು
ಮನೆ ನಂಬರು ಕೇಳಲು ತಲೆ ಎತ್ತಿದರೆ ಬಾಗಿಲು ಖಾಲಿ.

ರಾತ್ರಿ ಉಣ್ಣುವಾಗ ಹೆಂಡತಿಯನ್ನು ಕೇಳಿದೆ,
ಮನ್ಯಾಗ ಕೆಂಪು ದಾರ ಅದ ಏನು?
ರೊಟ್ಟಿ ಬಡಿಯುವ ಕೈ ನಿಲ್ಲಿಸಿ ನೋಡಿದಳು.
"ಯಾಕ," ಎಂದಳು,
"ಯಾರಿಗಾರ ದೃಷ್ಟಿ ಆಗ್ಯದೇನು?"