ಏನೂ ಹೊರದ ತಂತಿ

ಮಾರ್ಚ್ ಮುಗಿಯುವಷ್ಟರಲ್ಲಿ ನಮಗೊಂದು ಕೆಲಸವಿದೆ:
ಕಬ್ಬಿಣಕ್ಕೆ ನೀರು ಹಾಕುವುದು.

ನಗಬೇಡಿ.
ಹೆಣ್ಣೂರಿನಿಂದ ಬಾಣಸವಾಡಿ ಕಡೆಗೆ ಮೂವತ್ತೊಂದು ಟವರು,
ಒಂದೊಂದರ ಬುಡಕ್ಕೂ ಒಂದು ಗುಂಡಿ,
ಗುಂಡಿಯೊಳಗೆ ಇದ್ದಿಲು, ಉಪ್ಪು, ಒಂದು ಕೊಳವೆ.
ಅದು ಒಣಗಿದರೆ ಸಿಡಿಲಿಗೆ ಮಣ್ಣಿನ ದಾರಿ ಸಿಗುವುದಿಲ್ಲ.
ದಾರಿ ಸಿಗದ ಸಿಡಿಲು, ದಸ್ತಗೀರ್ ಸಾಬರು ಹೇಳುತ್ತಿದ್ದರು,
ಈ ಊರಲ್ಲಿ ಬಾಡಿಗೆಗೆ ಅಲೆಯುವ ಒಂಟಿ ಗಂಡಸಿನ ಹಾಗೆ
ಕಂಡ ಕಂಡ ಬಾಗಿಲು ಬಡಿಯುತ್ತದೆ.

ಮೊದಲ ದಿನ ನನ್ನ ಗದ್ದ ಹಿಡಿದೆತ್ತಿ ತೋರಿಸಿದ್ದೂ ಅವರೇ:
ಕೆಳಗಿನ ಆರು ದುಡಿಯುವ ತಂತಿ.
ಮಿಕ್ಸಿ, ಲಿಫ್ಟು, ಆಸ್ಪತ್ರೆಯ ಐಸಿಯು,
ಯಾರದೋ ಮದುವೆಯ ಸೀರಿಯಲ್ ಲೈಟು
ಎಲ್ಲ ಅವುಗಳ ಹೆಗಲಿಗೆ.
ಅವೆಲ್ಲಕ್ಕೂ ಮೇಲೆ, ಬೆರಳು ಗಾತ್ರದ್ದು ಒಂದಿದೆಯಲ್ಲ,
ಅದರಲ್ಲಿ ಏನೂ ಹರಿಯಲ್ಲ.
"ಮತ್ತೆ ಯಾಕಿದೆ, ಸಾಬರೇ?"
"ಏಟು ತಿನ್ನೋಕೆ."
ನನಗೆ ನಮ್ಮಕ್ಕನ ನೆನಪಾಯಿತು. ಹೇಳಲಿಲ್ಲ.

ಏಪ್ರಿಲ್ ಬಂದರೆ ಇನ್ನೊಂದು ಕೆಲಸ. ಇದಕ್ಕೆ ಮಚ್ಚು ಬೇಕು.
ಹದಿನೇಳನೇ ಟವರಿಗೂ ಹದಿನೆಂಟಕ್ಕೂ ನಡುವೆ,
ಲಿಂಗರಾಜಪುರದ ಹಿಂಬದಿ, ಫಿಲೋಮಿನಮ್ಮನ ಕಾಂಪೌಂಡಿನಲ್ಲಿ
ಒಂದು ಆಕಾಶಮಲ್ಲಿಗೆ.
ಹೆಸರು ಕೇಳಿಸಿಕೊಂಡೇ ಬೆಳೆದ ಹಾಗೆ ಉದ್ದಕ್ಕೆ,
ಒಳಗೆಲ್ಲ ಬೆಂಡು;
ಗಾಳಿ ಕೆಮ್ಮಿದರೆ ಸಾಕು, ಕೊಂಬೆ ಕಳಚುತ್ತದೆ.
ತಂತಿಗೂ ಎಲೆಗೂ ನಾಲ್ಕು ಮೀಟರ್ ಇರಬೇಕು, ಇದು ನಿಯಮ.
ನಿಯಮಕ್ಕೆ ಆಕೆ ಕುಡಿಯಲು ನೀರೂ ಕೊಡುವುದಿಲ್ಲ.
"ಎಷ್ಟಡಿ?"
"ಆರು."
"ಹೋದ ವರ್ಷ ಆರು ಅಂದು ಒಂಬತ್ತು ಕಡಿದೆ."
ಆಮೇಲೆ, ಗೇಟಿನ ಚಿಲಕ ಹಾಕುತ್ತ,
"ಆ ಕಬ್ಬಿಣಕ್ಕೆ ಕೊಡಕೊಡ ಸುರೀತೀಯ, ಕಂಡಿದೀನಿ.
ನನ್ನ ಮರಕ್ಕೆ ಮಚ್ಚು."

ಉತ್ತರ ಇರಲಿಲ್ಲ. ನಾಚಿಕೆ ಇತ್ತು.
ಆ ವರ್ಷ ತೆಂಕಲ ಕಡೆಯ ಒಂದು ಕೊಂಬೆಯನ್ನು ಬಿಟ್ಟೆ.

ಮೇ ತಿಂಗಳ ಮೊದಲ ವಾರ, ರಾತ್ರಿ ಹನ್ನೊಂದು.
ಧೂಳು ಮೊದಲು ಬಂತು, ಆಮೇಲೆ ಫ್ಲೆಕ್ಸುಗಳು, ಆಮೇಲೆ ಮಳೆ.
ನಾನು ಬಿಟ್ಟ ಕೊಂಬೆಯೇ. ಬೇರೆ ಯಾವುದೂ ಅಲ್ಲ.
ಸ್ಟೇಷನ್ನಿನಿಂದ ಫೋನು ಬರುವ ಮೊದಲೇ ನನಗೆ ಗೊತ್ತಿತ್ತು.
ಅಲ್ಲಿಂದ ಬಾಣಸವಾಡಿಯವರೆಗೆ ಒಂದೇ ಕತ್ತಲು,
ಅದರೊಳಗೆ ಜನರೇಟರುಗಳ ಗೊರಕೆ.

ಗುಡುಗು ದೂರವಾಗುವ ತನಕ ಜೀಪಿನಲ್ಲಿ ಕೂತೆವು,
ನಾನು, ಮುನಿವೆಂಕಟ, ನೆನೆದ ಹಗ್ಗ.
ಲೈನ್ ಕ್ಲಿಯರ್ ಸಿಕ್ಕಿತು. ಎರಡೂ ಕಡೆ ಅರ್ತ್ ರಾಡು ಹಾಕಿದೆವು.
ಏಣಿ ಹಾಕಿದಾಗ ಕೆಳಗೆ ಯಾರೋ ಟಾರ್ಚು ಬಿಟ್ಟರು:
ನೈಟಿಯ ಮೇಲೆ ರೇನ್‌ಕೋಟು, ತಲೆಗೆ ಪ್ಲಾಸ್ಟಿಕ್ ಚೀಲ.
ಬೈಗುಳಕ್ಕೆ ಕಾದೆ.
ಆಕೆ ಏಣಿಯ ಕಾಲು ಹಿಡಿದುಕೊಂಡಳು.

ಗರಗಸ ಆಡಿದಾಗ ಬಿಳಿ ಬೆಂಡು ಹಾರಿ
ಇಬ್ಬರ ಮೇಲೂ ಬಿತ್ತು,
ಅಕಾಲದಲ್ಲಿ ಉದುರಿದ ಹೂವಿನ ಹಾಗೆ ಎನ್ನಬಹುದಿತ್ತು.
ಕಣ್ಣಿಗೆ ಬಿದ್ದದ್ದರಿಂದ ಎನ್ನಲಿಲ್ಲ.

ಒಂದೂವರೆಗೆ ಲೈನು ಜೀವ ಪಡೆಯಿತು.
ಹಗ್ಗ ಸುತ್ತುತ್ತಿದ್ದೆವು, ಅಷ್ಟೇ,
ಹೋದದ್ದೆಂದುಕೊಂಡ ಗುಡುಗಿನ ಬಾಲ ತಿರುಗಿ ಬಂತು.
ಹದಿನೆಂಟರ ನೆತ್ತಿಯಲ್ಲಿ
ಏನೂ ಹೊರದ ಆ ತಂತಿಗೆ ಆಕಾಶ ಒಮ್ಮೆ ಇಳಿಯಿತು.
ಬೀದಿಯ ದೀಪವೆಲ್ಲ ರೆಪ್ಪೆ ಬಡಿದವು.
ಮತ್ತೆ ತೆರೆದವು.

ಕಿವಿಯಲ್ಲಿ ಕೀಟದ ಸದ್ದು ಸ್ವಲ್ಪ ಹೊತ್ತು.
ಆಮೇಲೆ ಫಿಲೋಮಿನಮ್ಮ, ಟವರಿನ ಬುಡಕ್ಕೆ ಟಾರ್ಚು ಹಿಡಿದು,
"ನೀನು ಸುರಿದ ನೀರು
ಇಲ್ಲಿಗೆ ಹೋಯ್ತಾ?"

ಮನೆ ಸೇರಿದಾಗ ನಾಲ್ಕು. ಅಕ್ಕ ಎದ್ದೇ ಇದ್ದಳು.
"ಕರೆಂಟು ಹೋಗಿತ್ತು, ಬಂತು" ಅಂದಳು,
ಟೀ ಸೋಸುತ್ತ, ನನ್ನ ಕಡೆ ನೋಡದೆ.
ನಾನು ಮಾತ್ರ ಆಕೆಯ ಕಡೆ ನೋಡಿದೆ, ಬಹಳ ದಿನದ ಮೇಲೆ.

ಈ ಏಪ್ರಿಲ್ ಗೇಟು ತೆರೆದೇ ಇತ್ತು.
ನಾನು ಅಳೆಯುವ ಮೊದಲೇ ಆಕೆ ಮೆಟ್ಟಿಲಿನಿಂದ ಕೂಗಿದಳು:
"ಏಳಡಿ!"

ಅಳೆದೆ.
ಆರೂವರೆ.